ಲ್ಯಾಪ್‌ಟಾಪ್‌ನಲ್ಲಿ ಸೌಂಡ್ ಬರ್ತಿಲ್ವಾ? ಫಾರ್ಮ್ಯಾಟ್ ಹೊಡೆಯುವ ಮುಂಚೆ ಇಷ್ಟು ನೋಡಿ

ಒಂದು ಭಾನುವಾರ ಬೆಳಿಗ್ಗೆ ತೀರ್ಥಹಳ್ಳಿಯಿಂದ ಚಿಕ್ಕಪ್ಪನ ಫೋನು. "ಏನೋ, ಲ್ಯಾಪ್‌ಟಾಪ್ ಮೂಕ ಆಗಿಬಿಟ್ಟಿದೆ ಕಣೋ. ಹಾಡು ಓಡ್ತಾ ಇದೆ, ಸದ್ದೇ ಇಲ್ಲ. ಪಕ್ಕದ ಮನೆ ಹುಡುಗ ಬಂದು ನೋಡಿ ಡ್ರೈವರ್ ಹೋಗಿದೆ, ಫಾರ್ಮ್ಯಾಟ್ ಹೊಡೀಬೇಕು ಅಂದ. ಹೊಡೆಸಿಬಿಡ್ಲಾ?"

"ತಡೀರಿ ಚಿಕ್ಕಪ್ಪ. ಟೀವಿಗೇನಾದ್ರೂ ಸಿಕ್ಕಿಸಿದ್ರಾ?"

"ಹ್ಞೂಂ, ರಾತ್ರಿ ಮ್ಯಾಚ್ ನೋಡೋಕೆ ಹಾಕಿದ್ದೆ. ವೈರ್ ಇನ್ನೂ ಅಲ್ಲೇ ಇದೆ. ಟೀವಿ ಆಫ್ ಮಾಡಿದೀನಲ್ಲ?"

ವೈರ್ ಕಿತ್ತಿದ್ದೇ ತಡ, ಫೋನಿನಲ್ಲೇ ನನಗೆ ಹಾಡು ಕೇಳಿಸಿತು. ಸೌಂಡ್ ಎಲ್ಲೂ ಹೋಗಿರಲಿಲ್ಲ. ಆಫ್ ಆಗಿದ್ದ ಟೀವಿಗೆ ಹೋಗುತ್ತಿತ್ತು, ಅಷ್ಟೆ.

ನೆಂಟರ, ಗೆಳೆಯರ ಲ್ಯಾಪ್‌ಟಾಪ್‌ಗಳನ್ನು ನೋಡಿ ನೋಡಿ ನನಗೆ ಗೊತ್ತಾದದ್ದು ಇದು: ಸೌಂಡ್ ಬರುತ್ತಿಲ್ಲ ಅಂದಾಗ ಮುಕ್ಕಾಲು ಪಾಲು ಏನೂ ಕೆಟ್ಟಿರುವುದಿಲ್ಲ, ಸದ್ದು ದಾರಿಯಲ್ಲಿ ಎಲ್ಲೋ ನಿಂತಿರುತ್ತದೆ ಅಥವಾ ಬೇರೆ ಕಡೆ ತಿರುಗಿರುತ್ತದೆ. ತೋಟಕ್ಕೆ ನೀರು ಬಿಟ್ಟಾಗ ಕೊನೆಯ ಸಾಲಿಗೆ ನೀರು ಬರಲಿಲ್ಲ ಅಂದರೆ ಯಾರೂ ಮೊದಲೇ ಮೋಟಾರ್ ಬಿಚ್ಚಲು ಹೋಗುವುದಿಲ್ಲ, ಅಲ್ವಾ? ಯಾವ ವಾಲ್ವ್ ಮುಚ್ಚಿದೆ, ಎಲ್ಲಿ ಪೈಪ್ ಕಳಚಿದೆ ಅಂತ ನೋಡುತ್ತಾ ಹೋಗುತ್ತೇವೆ. ಇಲ್ಲೂ ಅದೇ ಕೆಲಸ. ಆ್ಯಪ್‌ನಿಂದ ವಿಂಡೋಸ್‌ಗೆ, ವಿಂಡೋಸ್‌ನಿಂದ ಡ್ರೈವರ್‌ಗೆ (ವಿಂಡೋಸ್ ಮತ್ತು ಚಿಪ್ ನಡುವೆ ಮಾತಾಡಿಸುವ ಪುಟ್ಟ ಸಾಫ್ಟ್‌ವೇರ್), ಅಲ್ಲಿಂದ ಸೌಂಡ್ ಚಿಪ್‌ಗೆ, ಕೊನೆಗೆ ಸ್ಪೀಕರ್‌ಗೆ. ಎಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಆದಂತೆ.

ನಾನು ಹೆಚ್ಚಾಗಿ ವಿಂಡೋಸ್ 11ರ ಮೆನು ಹೇಳುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿದರೂ ಅದು ಇನ್ನೂ ಎಷ್ಟೋ ಮನೆಗಳಲ್ಲಿ ಓಡುತ್ತಿದೆ. ಹಾಗಾಗಿ ವ್ಯತ್ಯಾಸ ಇದ್ದ ಕಡೆ ಅದನ್ನೂ ಹೇಳುತ್ತೇನೆ.

ಮೊದಲ ಎರಡು ನಿಮಿಷ

ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಸ್ಪೀಕರ್ ಚಿತ್ರಕ್ಕೆ ಗೀಟು ಹಾಕಿರುವ ಕೀ ಇರುತ್ತದೆ, ಅದೇ ಮ್ಯೂಟ್. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮ್ಯೂಟ್ ಆದಾಗ ಆ ಕೀ ಮೇಲೆ ಪುಟ್ಟ ದೀಪ ಹತ್ತುತ್ತದೆ. ಒಂದು ಸಲ ಒತ್ತಿ ನೋಡಿ, ಏನೂ ಆಗಲಿಲ್ಲ ಅಂದರೆ ಎಫ್‌ಎನ್ ಕೀ ಹಿಡಿದುಕೊಂಡು ಒತ್ತಿ. ನಗಬೇಡಿ, ಮನೆಯಲ್ಲಿ ಮಕ್ಕಳಿದ್ದರೆ ಇದೇ ಕಾರಣ ಇರುವುದು ಜಾಸ್ತಿ.

ಆಮೇಲೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದಲ್ಲ, ರೀಸ್ಟಾರ್ಟ್. ಎರಡೂ ಒಂದೇ ಅಂತ ಅನ್ನಿಸುತ್ತದೆ, ಆದರೆ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ವ್ಯವಸ್ಥೆ ಬಂದಿದೆ. ಶಟ್‌ಡೌನ್ ಕೊಟ್ಟಾಗ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು, ಡ್ರೈವರ್‌ಗಳ ಸಮೇತ, ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಎದ್ದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಡ್ರೈವರ್ ಸಿಕ್ಕಿಹಾಕಿಕೊಂಡಿದ್ದರೆ ಮರುದಿನವೂ ಹಾಗೇ ಸಿಕ್ಕಿಹಾಕಿಕೊಂಡೇ ಇರುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. "ಮೂರು ದಿನದಿಂದ ಆಫ್ ಮಾಡಿ ಆನ್ ಮಾಡ್ತಾ ಇದೀನಿ, ಸರಿ ಹೋಗ್ತಿಲ್ಲ" ಅನ್ನುವವರು ಇದೊಂದನ್ನು ಮಾಡಿ ನೋಡಿ.

ಸದ್ದು ಎಲ್ಲಿಗೆ ಹೋಗುತ್ತಿದೆ?

ಸ್ಕ್ರೀನಿನ ಬಲಗಡೆ ಕೆಳಗೆ, ಗಡಿಯಾರದ ಪಕ್ಕ ಇರುವ ಸ್ಪೀಕರ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಸೌಂಡ್ ಸೆಟ್ಟಿಂಗ್ಸ್' ತೆರೆಯಿರಿ. ಮೇಲೇ 'ಔಟ್‌ಪುಟ್' ಅಂತ ಇರುತ್ತದೆ. ಅಲ್ಲಿರುವ ಪಟ್ಟಿಯಲ್ಲಿ 'ಸ್ಪೀಕರ್ಸ್' ಅನ್ನುವುದರ ಎದುರಿನ ಚುಕ್ಕಿ ಆಯ್ಕೆ ಆಗಿದೆಯಾ ನೋಡಿ. ಟೀವಿಯ ಅಥವಾ ಮಾನಿಟರಿನ ಹೆಸರು ಆಯ್ಕೆ ಆಗಿದ್ದರೆ ನಿಮ್ಮದೂ ಚಿಕ್ಕಪ್ಪನ ಕೇಸೇ. ಎಚ್‌ಡಿಎಂಐ ಕೇಬಲ್‌ನಲ್ಲಿ ಚಿತ್ರದ ಜೊತೆ ಸದ್ದೂ ಹೋಗುತ್ತದೆ, ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೂ ವಿಂಡೋಸ್ ಸುಮ್ನೆ ಅಲ್ಲಿಗೇ ಕಳಿಸುತ್ತಿರಬಹುದು.

ಇನ್ನೊಂದು ಮಾಮೂಲಿ ಕಳ್ಳ ಬ್ಲೂಟೂತ್. ಇಯರ್‌ಬಡ್ ಡಬ್ಬಿಯ ಮುಚ್ಚಳ ಸರಿಯಾಗಿ ಮುಚ್ಚಿಲ್ಲ, ಬ್ಯಾಗಿನಲ್ಲಿದೆ, ಆದರೂ ಲ್ಯಾಪ್‌ಟಾಪ್‌ಗೆ ಕನೆಕ್ಟ್ ಆಗಿ ಕೂತಿದೆ. ನೀವು ಇಲ್ಲಿ ವಾಲ್ಯೂಮ್ ಏರಿಸುತ್ತಾ ಇದ್ದೀರಿ, ಅಲ್ಲಿ ಬ್ಯಾಗಿನೊಳಗೆ ಹಾಡು ಹಾಡುತ್ತಿದೆ. ಅನುಮಾನ ಬಂದರೆ ಬ್ಲೂಟೂತನ್ನೇ ಒಂದು ನಿಮಿಷ ಆಫ್ ಮಾಡಿ ನೋಡಿ.

ವಿಂಡೋಸ್ 10ರಲ್ಲಿ ಒಂದೇ ಹೆಡ್‌ಸೆಟ್ ಎರಡು ಹೆಸರಿನಲ್ಲಿ ಕಾಣಿಸುತ್ತದೆ, ಒಂದು 'ಸ್ಟೀರಿಯೋ', ಇನ್ನೊಂದು 'ಹ್ಯಾಂಡ್ಸ್‌ಫ್ರೀ'. ಹಾಡು ಕೇಳಲು ಸ್ಟೀರಿಯೋ ಬೇಕು. ಹ್ಯಾಂಡ್ಸ್‌ಫ್ರೀ ಆಯ್ಕೆ ಆಗಿದ್ದರೆ ಸದ್ದೇ ಬರದಿರಬಹುದು, ಬಂದರೂ ಹಳೇ ಲ್ಯಾಂಡ್‌ಲೈನ್ ಫೋನಿನಂತೆ ಬರುತ್ತದೆ.

ಹಸಿರು ಗೆರೆಗಳು

ಇದು ನನ್ನ ಮೆಚ್ಚಿನ ಪರೀಕ್ಷೆ, ಇಲ್ಲಿ ಸ್ವಲ್ಪ ನಿಲ್ಲೋಣ. ಅದೇ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ಕೆಳಗೆ ಹೋದರೆ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಸಿಗುತ್ತದೆ. ವಿಂಡೋಸ್ 10ರಲ್ಲಿ ಅದರ ಹೆಸರು 'ಸೌಂಡ್ ಕಂಟ್ರೋಲ್ ಪ್ಯಾನೆಲ್'. ಒತ್ತಿದರೆ ಹಳೇ ಕಾಲದ ಚಿಕ್ಕ ಕಿಟಕಿಯೊಂದು ತೆರೆಯುತ್ತದೆ, ಮೊದಲ ಟ್ಯಾಬ್ 'ಪ್ಲೇಬ್ಯಾಕ್'. ಈಗ ಯಾವುದಾದರೂ ಹಾಡು ಹಚ್ಚಿ ಈ ಕಿಟಕಿಯನ್ನೇ ನೋಡುತ್ತಾ ಇರಿ. ಪ್ರತಿ ಸಾಧನದ ಹೆಸರಿನ ಬಲಕ್ಕೆ ಒಂದು ಉದ್ದನೆಯ ಬೂದು ಪಟ್ಟಿ ಇರುತ್ತದೆ, ಸದ್ದು ಹರಿಯುತ್ತಿದ್ದರೆ ಅದರಲ್ಲಿ ಹಸಿರು ಗೆರೆಗಳು ಕುಣಿಯುತ್ತವೆ.

'ಸ್ಪೀಕರ್ಸ್' ಎದುರು ಹಸಿರು ಕುಣಿಯುತ್ತಿದೆ, ಆದರೆ ಕಿವಿಗೆ ಏನೂ ಕೇಳುತ್ತಿಲ್ಲವಾ? ಹಾಗಾದರೆ ಆ್ಯಪ್ ಸರಿ ಇದೆ, ವಿಂಡೋಸ್ ಸರಿ ಇದೆ. ತೊಂದರೆ ಅಲ್ಲಿಂದ ಮುಂದೆ, ಅಂದರೆ ಡ್ರೈವರ್, ಜ್ಯಾಕ್ (ಇಯರ್‌ಫೋನ್ ಸಿಕ್ಕಿಸುವ ತೂತು) ಅಥವಾ ಸ್ಪೀಕರಿನಲ್ಲಿ. ಹಸಿರು ಬೇರೆ ಸಾಧನದ ಎದುರು ಕುಣಿಯುತ್ತಿದ್ದರೆ ಸದ್ದು ಅಲ್ಲಿಗೆ ಹೋಗುತ್ತಿದೆ. 'ಸ್ಪೀಕರ್ಸ್' ಆಯ್ದುಕೊಂಡು ಕೆಳಗಿನ 'ಸೆಟ್ ಡಿಫಾಲ್ಟ್' ಒತ್ತಿ. ಎಲ್ಲೂ ಹಸಿರೇ ಇಲ್ಲ ಅಂದರೆ ಆ್ಯಪ್‌ನಿಂದಲೇ ಸದ್ದು ಹೊರಡುತ್ತಿಲ್ಲ, ಇಲ್ಲವೇ ವಿಂಡೋಸಿನ ಆಡಿಯೋ ಸರ್ವಿಸ್, ಅಂದರೆ ತೆರೆಮರೆಯಲ್ಲಿ ಸದ್ದು ನೋಡಿಕೊಳ್ಳುವ ಪ್ರೋಗ್ರಾಮ್, ಮಲಗಿದೆ.

ಪಟ್ಟಿಯಲ್ಲಿ ಸ್ಪೀಕರ್ ಹೆಸರೇ ಇಲ್ಲದಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಶೋ ಡಿಸೇಬಲ್ಡ್ ಡಿವೈಸಸ್' ಗುರುತು ಹಾಕಿ. ಯಾರೋ ಯಾವಾಗಲೋ ಡಿಸೇಬಲ್ ಮಾಡಿಟ್ಟಿದ್ದರೆ ಮಸುಕಾಗಿ ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ರೈಟ್ ಕ್ಲಿಕ್, 'ಎನೇಬಲ್'. ಅಲ್ಲೇ 'ಟೆಸ್ಟ್' ಅಂತಲೂ ಇರುತ್ತದೆ, ಒತ್ತಿದರೆ ಎಡಕ್ಕೊಂದು ಬಲಕ್ಕೊಂದು ಸದ್ದು ಮಾಡಿ ತೋರಿಸುತ್ತದೆ.

ಈ ಕಿಟಕಿ ಬಿಟ್ಟು ಹೋಗುವ ಮುಂಚೆ ಇನ್ನೆರಡು ಕೆಲಸ. 'ಸ್ಪೀಕರ್ಸ್' ಮೇಲೆ ಡಬಲ್ ಕ್ಲಿಕ್ ಮಾಡಿ 'ಅಡ್ವಾನ್ಸ್ಡ್' ಟ್ಯಾಬಿಗೆ ಹೋಗಿ, ಸದ್ದಿನ ಫಾರ್ಮ್ಯಾಟನ್ನು (ಇದು ಡಿಸ್ಕ್ ಅಳಿಸುವ ಫಾರ್ಮ್ಯಾಟ್ ಅಲ್ಲ) 16 ಬಿಟ್, 48000 ಹರ್ಟ್ಜ್‌ಗೆ ಇಳಿಸಿ. ಯಾರೋ ಒಳ್ಳೇ ಕ್ವಾಲಿಟಿ ಬರಲಿ ಅಂತ 192000ಕ್ಕೆ ಏರಿಸಿರುತ್ತಾರೆ, ಕೆಲವು ಡ್ರೈವರ್‌ಗಳು ಅದಕ್ಕೆ ಮುನಿಸಿಕೊಳ್ಳುತ್ತವೆ. ಜೊತೆಗೆ 'ಎಕ್ಸ್‌ಕ್ಲೂಸಿವ್' ಅನ್ನುವ ಪದ ಇರುವ ಎರಡು ಟಿಕ್‌ಗಳನ್ನು ತೆಗೆಯಿರಿ. ಅವು ಇದ್ದರೆ ಒಂದೇ ಆ್ಯಪ್ ಇಡೀ ಸೌಂಡ್ ಕಾರ್ಡನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಬಹುದು, ಉಳಿದ ಆ್ಯಪ್‌ಗಳು ಬಾಯಿ ಮುಚ್ಚಿಕೊಂಡು ಕೂರಬೇಕು. 'ಎನ್‌ಹ್ಯಾನ್ಸ್‌ಮೆಂಟ್ಸ್' ಅಂತ ಏನಾದರೂ ಆನ್ ಇದ್ದರೆ ಅದನ್ನೂ ಆಫ್ ಮಾಡಿ.

ಒಂದೇ ಆ್ಯಪ್ ಮೂಕ ಆಗಿದ್ದರೆ

ಬ್ರೌಸರಿನ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಅನ್‌ಮ್ಯೂಟ್ ಸೈಟ್' ಅಂತ ತೋರಿಸಿದರೆ ಆ ಸೈಟ್ ಮ್ಯೂಟ್ ಆಗಿತ್ತು ಅಂತ ಅರ್ಥ. ಸೌಂಡ್ ಸೆಟ್ಟಿಂಗ್ಸ್‌ನ 'ವಾಲ್ಯೂಮ್ ಮಿಕ್ಸರ್'ನಲ್ಲಿ ಪ್ರತಿ ಆ್ಯಪ್‌ಗೂ ಬೇರೆ ಬೇರೆ ವಾಲ್ಯೂಮ್, ಬೇರೆ ಬೇರೆ ಔಟ್‌ಪುಟ್ ಇರುತ್ತದೆ, ಅದನ್ನೂ ನೋಡಿ. ಝೂಮ್, ಟೀಮ್ಸ್ ತರದ ಮೀಟಿಂಗ್ ಆ್ಯಪ್‌ಗಳು ವಿಂಡೋಸ್ ಹೇಳಿದ್ದನ್ನು ಕೇಳದೆ ತಮ್ಮದೇ ಸ್ಪೀಕರ್ ಆಯ್ಕೆ ಇಟ್ಟುಕೊಂಡಿರಬಹುದು. ಎಲ್ಲಾ ಕಡೆ ಸೌಂಡ್ ಇದೆ, ಮೀಟಿಂಗ್‌ನಲ್ಲಿ ಮಾತ್ರ ಇಲ್ಲ ಅಂದರೆ ಆ ಆ್ಯಪಿನ ಸೆಟ್ಟಿಂಗ್ಸ್‌ನೊಳಗೇ ಹೋಗಿ.

ಮೀಟಿಂಗ್ ಶುರುವಾದ ಕೂಡಲೇ ಹಾಡಿನ ಸದ್ದು ಕುಗ್ಗುತ್ತದೆ ಅಂತಲೂ ಕೆಲವರು ಕೇಳುತ್ತಾರೆ. ಹಳೇ ಕಿಟಕಿಯ ಕೊನೆಯ ಟ್ಯಾಬ್ 'ಕಮ್ಯುನಿಕೇಷನ್ಸ್'ನಲ್ಲಿ ಉಳಿದ ಸದ್ದುಗಳನ್ನು ಶೇ 80ರಷ್ಟು ತಗ್ಗಿಸು ಅಂತ ಮೊದಲಿಂದಲೇ ಗುರುತು ಇರುತ್ತದೆ. 'ಡೂ ನಥಿಂಗ್' ಮಾಡಿ, ಮುಗೀತು.

ಇಯರ್‌ಫೋನ್ ಹಾಕಿ ನೋಡಿ, ದಾರಿ ಅಲ್ಲೇ ಕವಲೊಡೆಯುತ್ತದೆ

ಇಷ್ಟಾದರೂ ಸರಿ ಹೋಗಿಲ್ಲವಾ? ಮನೆಯಲ್ಲಿ ಮೂರು ತರದ ಇಯರ್‌ಫೋನ್ ಇದ್ದರೆ ಹುಡುಕಿ ತನ್ನಿ: ವೈರ್ ಇರುವ ಸಾಮಾನ್ಯದ್ದು, ಬ್ಲೂಟೂತ್‌ದು, ಯುಎಸ್‌ಬಿಯದು. ಯುಎಸ್‌ಬಿ ಇಲ್ಲದಿದ್ದರೆ ಪರವಾಗಿಲ್ಲ.

ವೈರಿನ ಇಯರ್‌ಫೋನಿನಲ್ಲಿ ಸೌಂಡ್ ಬರುತ್ತದೆ, ಸ್ಪೀಕರಿನಲ್ಲಿ ಇಲ್ಲ ಅಂದರೆ ಜ್ಯಾಕ್ ಅಥವಾ ಸ್ಪೀಕರ್ ಮೇಲೆ ಅನುಮಾನ ಪಡಿ. ವೈರಿನದ್ದರಲ್ಲೂ ಇಲ್ಲ, ಸ್ಪೀಕರಿನಲ್ಲೂ ಇಲ್ಲ, ಆದರೆ ಬ್ಲೂಟೂತ್ ಅಥವಾ ಯುಎಸ್‌ಬಿಯಲ್ಲಿ ಚೆನ್ನಾಗಿ ಬರುತ್ತಿದೆ ಅಂದರೆ ಒಳಗಿನ ಸೌಂಡ್ ಚಿಪ್ ಅಥವಾ ಅದರ ಡ್ರೈವರ್. ಯಾಕೆಂದರೆ ಬ್ಲೂಟೂತ್ ಮತ್ತು ಯುಎಸ್‌ಬಿ ಹೆಡ್‌ಸೆಟ್‌ಗಳಲ್ಲಿ ಅವುಗಳದ್ದೇ ಪುಟ್ಟ ಸೌಂಡ್ ಚಿಪ್ ಇರುತ್ತದೆ, ಲ್ಯಾಪ್‌ಟಾಪಿನದ್ದು ಅವಕ್ಕೆ ಬೇಕಾಗಿಲ್ಲ. ಯಾವುದರಲ್ಲೂ ಇಲ್ಲ ಅಂದರೆ ವಿಂಡೋಸ್ ಕಡೆಯ ತೊಂದರೆ, ಸರ್ವಿಸ್ ನೋಡಿ.

ಆ ಪುಟ್ಟ ತೂತು

ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ನನ್ನ ಹಳೇ ಲ್ಯಾಪ್‌ಟಾಪ್ ಒಂದು ದಿನ ಇದ್ದಕ್ಕಿದ್ದಂತೆ ಮೂಕ ಆಯಿತು. ಒಂದು ಅಂಗಡಿಗೆ ಒಯ್ದರೆ "ಬೋರ್ಡ್ ಹೋಗಿದೆ ಸಾರ್" ಅಂದರು, ಬಿಚ್ಚಿಯೂ ನೋಡಲಿಲ್ಲ. ನಂಬಿ, ಇನ್ನು ಇಷ್ಟೇ ಅಂತ ಎರಡು ತಿಂಗಳು ಬ್ಲೂಟೂತ್ ಸ್ಪೀಕರಿನಲ್ಲಿ ಕಾಲ ಹಾಕಿದೆ. ಆಮೇಲೆ ಒಂದು ರಾತ್ರಿ ಸೌಂಡ್ ಗುರುತಿನ ಮೇಲೆ ಮೌಸ್ ಇಟ್ಟಾಗ 'ಹೆಡ್‌ಫೋನ್ಸ್' ಅಂತ ತೋರಿಸಿತು. ಹೆಡ್‌ಫೋನ್ ಹಾಕಿಯೇ ಇರಲಿಲ್ಲ! ಮೊಬೈಲ್ ಟಾರ್ಚ್ ಹಿಡಿದು ಜ್ಯಾಕಿನ ತೂತಿನೊಳಗೆ ಇಣುಕಿದರೆ ತಳದಲ್ಲಿ ಚಿನ್ನದ ಬಣ್ಣದ್ದು ಏನೋ ಹೊಳೆಯಿತು. ಹಳೇ ಇಯರ್‌ಫೋನಿನ ಪಿನ್ ತುದಿ, ಮೊದಲ ಕಪ್ಪು ಉಂಗುರದ ಹತ್ತಿರ ಮುರಿದು ಒಳಗೇ ಉಳಿದಿತ್ತು. ಆ ಇಯರ್‌ಫೋನನ್ನು ನಾನೇ ಹಾಳಾಯಿತು ಅಂತ ಎಸೆದಿದ್ದೆ, ತುದಿ ಎಲ್ಲಿ ಹೋಯಿತು ಅಂತ ನೋಡಿರಲಿಲ್ಲ.

ಆಗುವುದು ಇಷ್ಟು: ಆ 3.5 ಮಿಲಿಮೀಟರ್ ಜ್ಯಾಕಿನೊಳಗೆ ಒಂದು ಸಣ್ಣ ಲೋಹದ ಸ್ವಿಚ್ ಇರುತ್ತದೆ. ಪಿನ್ ಒಳಗೆ ಹೋದಾಗ ಅದು ಒತ್ತಿಕೊಂಡು ಹೆಡ್‌ಫೋನ್ ಬಂತು ಅಂತ ಚಿಪ್‌ಗೆ ಹೇಳುತ್ತದೆ, ಚಿಪ್ ಸ್ಪೀಕರ್ ಬಂದ್ ಮಾಡುತ್ತದೆ. ಮುರಿದ ತುದಿ, ಜೇಬಿನ ನೂಲು, ಗಟ್ಟಿಯಾದ ಧೂಳು, ಮಳೆಗಾಲದ ತೇವಕ್ಕೆ ಹಿಡಿದ ಕಿಲುಬು, ಇದರಲ್ಲಿ ಯಾವುದಾದರೂ ಆ ಸ್ವಿಚ್ಚನ್ನು ಒತ್ತಿಯೇ ಇಟ್ಟಿದ್ದರೆ ಸ್ಪೀಕರ್ ಮೂಕ.

ಮೊದಲು ಇಯರ್‌ಫೋನ್ ಪಿನ್ನನ್ನು ಹತ್ತು ಹದಿನೈದು ಸಲ ಹಾಕಿ ತೆಗೆದು ಮಾಡಿ, ಹಾಕಿ ಸ್ವಲ್ಪ ತಿರುಗಿಸಿ. ಬರೀ ಸ್ವಿಚ್ ಅಂಟಿಕೊಂಡಿದ್ದರೆ ಅಷ್ಟಕ್ಕೇ ಬಿಟ್ಟುಕೊಳ್ಳುತ್ತದೆ. ಧೂಳು ಕಂಡರೆ ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಗಾಳಿ ಊದುವ ಬಲ್ಬ್ ಬಳಸಿ ಊದಿ, ಅಥವಾ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ. ಬಾಯಿಂದ ಊದಬೇಡಿ, ಎಂಜಲ ತೇವ ಹೋಗುತ್ತದೆ. ಸೇಫ್ಟಿ ಪಿನ್, ಸೂಜಿ ಹಾಕಲೇಬೇಡಿ, ಒಳಗಿನ ತೆಳು ಲೋಹದ ಎಸಳುಗಳು ಬಾಗಿಬಿಡುತ್ತವೆ. ಮುರಿದ ತುದಿ ಸಿಕ್ಕಿಕೊಂಡಿದ್ದರೆ ಕಡ್ಡಿಗೆ ಫೆವಿಕ್ವಿಕ್ ಹಚ್ಚಿ ಅಂಟಿಸಿ ಎಳೆಯಿರಿ ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ನಾನು ಬೇಡ ಅನ್ನುತ್ತೇನೆ. ಗೋಂದು ಒಂದು ಹನಿ ಪಕ್ಕಕ್ಕೆ ಹರಿದರೆ ಜ್ಯಾಕ್ ಕಥೆ ಮುಗಿಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಜ್ಯಾಕ್ ಇದ್ದದ್ದು ಯುಎಸ್‌ಬಿ ಪೋರ್ಟ್ ಜೊತೆಗಿನ ಚಿಕ್ಕದೊಂದು ಬೇರೆ ಬೋರ್ಡಿನ ಮೇಲೆ. ಇನ್ನೊಂದು ಅಂಗಡಿಯ ಹುಡುಗ ಅದನ್ನಷ್ಟೇ ಬದಲಿಸಿಕೊಟ್ಟ, ಅರ್ಧ ಗಂಟೆಯ ಕೆಲಸ.

ಮಲಗಿದ ಸರ್ವಿಸ್ ಎಬ್ಬಿಸುವುದು

ಸ್ಟಾರ್ಟ್ ಒತ್ತಿ 'ಸರ್ವಿಸಸ್' ಅಂತ ಹುಡುಕಿ ತೆರೆಯಿರಿ. ಉದ್ದದ ಪಟ್ಟಿ ಬರುತ್ತದೆ, ಕೆಳಗೆ 'ವಿಂಡೋಸ್ ಆಡಿಯೋ' ಮತ್ತು 'ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್' ಅಂತ ಎರಡು ಸಿಗುತ್ತವೆ. ಎರಡರ ಎದುರೂ 'ರನ್ನಿಂಗ್', 'ಆಟೋಮ್ಯಾಟಿಕ್' ಅಂತ ಇರಬೇಕು. ಎಂಡ್‌ಪಾಯಿಂಟ್ ಬಿಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ರೀಸ್ಟಾರ್ಟ್' ಕೊಡಿ, ಇನ್ನೊಂದನ್ನೂ ರೀಸ್ಟಾರ್ಟ್ ಮಾಡಲಾ ಅಂತ ಅದೇ ಕೇಳುತ್ತದೆ, ಹೂಂ ಅನ್ನಿ. ಉಳಿದ ಸರ್ವಿಸ್‌ಗಳ ತಂಟೆಗೆ ಹೋಗಬೇಡಿ.

ಡ್ರೈವರ್: ಈಗ ಮುಟ್ಟಬಹುದು

ಬೇಕಂತಲೇ ಇದನ್ನು ಇಷ್ಟು ಕೆಳಗೆ ಇಟ್ಟಿದ್ದೇನೆ. ಎಲ್ಲರೂ ಇಲ್ಲಿಂದಲೇ ಶುರು ಮಾಡಿ ಸರಿ ಇದ್ದ ಡ್ರೈವರನ್ನು ಕೆಡಿಸಿಕೊಳ್ಳುತ್ತಾರೆ.

ಸ್ಟಾರ್ಟ್ ಗುರುತಿನ ಮೇಲೆ ರೈಟ್ ಕ್ಲಿಕ್, 'ಡಿವೈಸ್ ಮ್ಯಾನೇಜರ್'. ಅದರಲ್ಲಿ 'ಸೌಂಡ್, ವಿಡಿಯೋ ಆ್ಯಂಡ್ ಗೇಮ್ ಕಂಟ್ರೋಲರ್ಸ್' ಬಿಚ್ಚಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ 'ರಿಯಲ್‌ಟೆಕ್' ಅನ್ನುವ ಹೆಸರು ಕಾಣುತ್ತದೆ. ಅದು ತೈವಾನಿನ ಚಿಪ್ ಕಂಪನಿ, ಏಡಿ ಅದರ ಲಾಂಛನ. ಹೆಸರಿನ ಮೇಲೆ ಹಳದಿ ತ್ರಿಕೋನ ಇದ್ದರೆ ಡ್ರೈವರ್ ತೊಂದರೆಯಲ್ಲಿದೆ. ಡಬಲ್ ಕ್ಲಿಕ್ ಮಾಡಿದರೆ ಕೋಡ್ ತೋರಿಸುತ್ತದೆ: 10 ಅಂದರೆ ಸಾಧನ ಶುರುವಾಗುತ್ತಿಲ್ಲ, 28 ಅಂದರೆ ಡ್ರೈವರೇ ಇಲ್ಲ.

ವಿಂಡೋಸ್ ಅಪ್‌ಡೇಟ್ ಆದ ಮೇಲೆ ಸೌಂಡ್ ಹೋಯಿತು ಅನ್ನುವವರು 'ಡ್ರೈವರ್' ಟ್ಯಾಬಿನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ, ಹಿಂದಿನ ಡ್ರೈವರಿಗೆ ಮರಳುತ್ತದೆ. ಅದು ಮಸುಕಾಗಿದ್ದರೆ ಹಿಂದಿನದು ಉಳಿದಿಲ್ಲ ಅಂತ ಅರ್ಥ.

ಆಮೇಲಿನ ಉಪಾಯ ಎಷ್ಟೋ ಸಲ ನನ್ನ ಕೈ ಹಿಡಿದಿದೆ. 'ಅಪ್‌ಡೇಟ್ ಡ್ರೈವರ್' ಒತ್ತಿ, ಎರಡನೇ ಆಯ್ಕೆ 'ಬ್ರೌಸ್ ಮೈ ಕಂಪ್ಯೂಟರ್', ಅದರೊಳಗೆ 'ಲೆಟ್ ಮಿ ಪಿಕ್ ಫ್ರಮ್ ಎ ಲಿಸ್ಟ್'. ಅಲ್ಲಿ ರಿಯಲ್‌ಟೆಕ್ ಜೊತೆಗೆ 'ಹೈ ಡೆಫಿನಿಷನ್ ಆಡಿಯೋ ಡಿವೈಸ್' ಅಂತ ಇರುತ್ತದೆ, ಅದನ್ನು ಆಯ್ದು ಹಾಕಿ, ರೀಸ್ಟಾರ್ಟ್ ಮಾಡಿ. ಇದು ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರ್. 2004ರಲ್ಲಿ ಇಂಟೆಲ್ ಹೈ ಡೆಫಿನಿಷನ್ ಆಡಿಯೋ ಅನ್ನುವ ಮಾನದಂಡ ತಂದ ಮೇಲೆ ಬೇರೆ ಬೇರೆ ಕಂಪನಿಗಳ ಚಿಪ್‌ಗಳೂ ಒಂದೇ ಭಾಷೆ ಆಡುವಂತಾಯಿತು, ಅದಕ್ಕೇ ಈ ಒಂದು ಡ್ರೈವರ್ ಅಷ್ಟು ಚಿಪ್‌ಗಳಿಗೂ ಹೊಂದುತ್ತದೆ. ಈಕ್ವಲೈಜರ್ ತರದ ಅಲಂಕಾರ ಇರುವುದಿಲ್ಲ, ಸೌಂಡ್ ಬರುತ್ತದೆ. ಆದರೆ ಈಚಿನ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರಿಗೆ ಬೇರೆಯೇ ಆಂಪ್ಲಿಫೈಯರ್ ಚಿಪ್ ಇರುತ್ತದೆ. ಅಂಥದ್ದರಲ್ಲಿ ಇದು ಹಾಕಿದರೆ ಹೆಡ್‌ಫೋನ್ ಹಾಡುತ್ತದೆ, ಸ್ಪೀಕರ್ ಹಾಡದು, ಕಂಪನಿಯ ಡ್ರೈವರೇ ಬೇಕು.

ಕಂಪನಿ ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ತಳದ ಸ್ಟಿಕರಿನಲ್ಲಿರುವ ಸೀರಿಯಲ್ ನಂಬರ್ ಅಥವಾ ಸರ್ವಿಸ್ ಟ್ಯಾಗ್ ಅನ್ನು ಆ ಕಂಪನಿಯ ಸಪೋರ್ಟ್ ಸೈಟಿನಲ್ಲಿ ಹಾಕಿ, ನಿಮ್ಮ ಮಾಡೆಲ್ಲಿನದ್ದೇ ಆಡಿಯೋ ಡ್ರೈವರ್ ಇಳಿಸಿಕೊಳ್ಳಿ. ಮೊದಲು ಇಳಿಸಿಟ್ಟುಕೊಂಡು ಆಮೇಲೆ ಹಳೆಯದನ್ನು 'ಅನ್‌ಇನ್‌ಸ್ಟಾಲ್ ಡಿವೈಸ್' ಮಾಡಿ, ಡ್ರೈವರನ್ನೂ ತೆಗೆ ಅನ್ನುವ ಟಿಕ್ ಹಾಕಿ, ರೀಸ್ಟಾರ್ಟ್ ಆದ ಮೇಲೆ ಹೊಸದು ಹಾಕಿ. ಎಲ್ಲಾ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಅಪ್‌ಡೇಟ್ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಸುಳಿಯಬೇಡಿ.

ಪೆನ್‌ಡ್ರೈವ್ ಹಾಕಿ ತೀರ್ಪು ಕೇಳಿ

ಚಿಪ್ ಕೆಟ್ಟಿದೆಯೋ ವಿಂಡೋಸ್ ಕೆಟ್ಟಿದೆಯೋ ಅಂತ ಇನ್ನೂ ಗೊಂದಲ ಇದ್ದರೆ ಉಬುಂಟುವಿನ (ವಿಂಡೋಸ್ ಬದಲು ಓಡಿಸಬಹುದಾದ, ಲಿನಕ್ಸ್ ಜಾತಿಯ ವ್ಯವಸ್ಥೆ) ಹೊಸ ಆವೃತ್ತಿಯನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಲ್ಯಾಪ್‌ಟಾಪ್ ಬೂಟ್ ಮಾಡಿ, ಅಂದರೆ ಶುರು ಮಾಡಿ, ಇನ್‌ಸ್ಟಾಲ್ ಮಾಡದೆ 'ಟ್ರೈ ಉಬುಂಟು' ಆಯ್ದುಕೊಳ್ಳಿ. ನಿಮ್ಮ ಡಿಸ್ಕನ್ನು ಅದು ಮುಟ್ಟುವುದಿಲ್ಲ. ಅಲ್ಲಿ ಸ್ಪೀಕರ್ ಹಾಡಿದರೆ ಹಾರ್ಡ್‌ವೇರ್ ಗಟ್ಟಿ ಇದೆ, ಫಾರ್ಮ್ಯಾಟ್ ಹೊಡೆಸುವುದಿದ್ದರೆ ಈಗ ಹೊಡೆಸಬಹುದು. ಅಲ್ಲೂ ಹಾಡಲಿಲ್ಲ ಅಂದರೆ ಫಾರ್ಮ್ಯಾಟ್ ಮಾಡಿ ಪ್ರಯೋಜನ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ತೀರಾ ಹೊಸ ಮಾಡೆಲ್ ಆದರೆ ಲಿನಕ್ಸಿನಲ್ಲೇ ಅದರ ಡ್ರೈವರ್ ಇನ್ನೂ ಬಂದಿರದೆ ಇರಬಹುದು, ಅಷ್ಟು ಗಮನದಲ್ಲಿರಲಿ.

ಡಿವೈಸ್ ಮ್ಯಾನೇಜರಿನಲ್ಲಿ ರಿಯಲ್‌ಟೆಕ್ ಹೆಸರೇ ಮಾಯ ಆಗಿದ್ದರೆ ಬಯೋಸ್‌ಗೆ (ಲ್ಯಾಪ್‌ಟಾಪ್ ಆನ್ ಆಗುವಾಗ ವಿಂಡೋಸಿಗಿಂತ ಮೊದಲೇ ಸಿಗುವ ಸೆಟ್ಟಿಂಗ್ಸ್) ಹೋಗಿ ಆಡಿಯೋ ಆಫ್ ಆಗಿದೆಯಾ ನೋಡಿ. ಆಮೇಲೆ ಪವರ್ ಆಫ್ ಮಾಡಿ, ಚಾರ್ಜರ್ ಕಿತ್ತು, ತೆಗೆಯಲು ಬರುವ ಬ್ಯಾಟರಿ ಆದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿಯಾಗಿ ಚಿಪ್ ಮತ್ತೆ ಎದ್ದದ್ದನ್ನು ಒಂದೆರಡು ಸಲ ಕಂಡಿದ್ದೇನೆ.

ಸ್ಪೀಕರೇ ಹೋಗಿದ್ದರೆ

ಚಹಾ ಚೆಲ್ಲಿತ್ತಾ? ಬಿದ್ದಿತ್ತಾ? ಮೊದಲು ಗರಗರ ಅಂದು ಆಮೇಲೆ ನಿಂತಿತಾ? ಹಾಗಾದರೆ ಸ್ಪೀಕರಿನ ಮೇಲೇ ಅನುಮಾನ ಪಡಿ. ವಾರಂಟಿ ಮುಗಿದಿದ್ದು, ಬಿಚ್ಚುವ ಅಭ್ಯಾಸ ಇದ್ದರೆ ಬ್ಯಾಟರಿ ಕನೆಕ್ಟರ್ ಮೊದಲು ತೆಗೆದು, ಸ್ಪೀಕರ್ ವೈರಿನ ಪ್ಲಗ್ ಬೋರ್ಡಿಗೆ ಸರಿಯಾಗಿ ಕೂತಿದೆಯಾ ನೋಡಿ. ಫ್ಯಾನ್ ಕ್ಲೀನ್ ಮಾಡಿಸಿ ಬಂದ ಮೇಲೆ ಸೌಂಡ್ ಹೋಗಿದ್ದರೆ ನೂರಕ್ಕೆ ತೊಂಬತ್ತು ಇದೇ. ಮಲ್ಟಿಮೀಟರ್ ಇದ್ದರೆ ಸ್ಪೀಕರಿನ ಎರಡು ವೈರಿಗೆ ಹಿಡಿಯಿರಿ, 4 ಅಥವಾ 8 ಓಮ್ ಆಸುಪಾಸು ತೋರಿಸಿದರೆ ಕಾಯಿಲ್ ತುಂಡಾಗಿಲ್ಲ. ಮೀಟರ್ ಇಲ್ಲವಾ? ಗಡಿಯಾರದ 1.5 ವೋಲ್ಟ್ ಸೆಲ್ ಸಾಕು, ಬೋರ್ಡಿನಿಂದ ಬಿಡಿಸಿದ ಸ್ಪೀಕರಿನ ವೈರಿಗೆ ಒಂದು ಕ್ಷಣ ತಾಗಿಸಿ, ಚಟ್ ಅಂದರೆ ಸ್ಪೀಕರ್ ಬದುಕಿದೆ. ಅನ್ನದಿದ್ದರೆ ಅದೇ ಮಾಡೆಲ್ಲಿನ ಸ್ಪೀಕರ್ ಜೋಡಿ ಹಾಕಿಸಿ, ಬೋರ್ಡಿಗೆ ಹೋಲಿಸಿದರೆ ಅದು ಸಣ್ಣ ಖರ್ಚು.

ಚಿಪ್ಪೇ ಸುಟ್ಟಿದ್ದರೆ ಬೋರ್ಡ್ ರಿಪೇರಿಗೆ ಸಾವಿರಗಟ್ಟಲೆ ಸುರಿಯುವ ಬದಲು ಯುಎಸ್‌ಬಿ ಸೌಂಡ್ ಕಾರ್ಡ್ ಅಂತ ಹೆಬ್ಬೆರಳು ಗಾತ್ರದ್ದು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಯುಎಸ್‌ಬಿಗೆ ಸಿಕ್ಕಿಸಿ, ಅದರ ಜ್ಯಾಕಿಗೆ ಇಯರ್‌ಫೋನೋ ಸಣ್ಣ ಸ್ಪೀಕರೋ ಹಾಕಿ. ಹೆಚ್ಚಿನವಕ್ಕೆ ಡ್ರೈವರೂ ಬೇಡ. ಅಪ್ಪನ ಲ್ಯಾಪ್‌ಟಾಪಿಗೆ ಅಂಥದ್ದೊಂದು ಹಾಕಿಕೊಟ್ಟು ಎರಡು ವರ್ಷ ಆಯಿತು. ಧೂಳು ಒರೆಸುವಾಗ ಕಿತ್ತುಬಿಡುತ್ತಾರೆ ಅಂತ ಅಮ್ಮ ಅದರ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ "ತೆಗೆಯಬಾರದು" ಅಂತ ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ.